ಖಾಲಿ ಮರಳುತ್ತಿರುವ ಕ್ರೇಟುಗಳು: ನಮ್ಮ ಗೊಬ್ಬರ ಏಕೆ ಬೇಡವಾಯಿತು?

ಸ್ಕೇಲುಪಟ್ಟಿ (ಪ್ರಶ್ನೆ)

ಕಟ್ಟಡಗಳ ನಕ್ಷೆ ಬರೆಯುವುದು ನನ್ನ ವೃತ್ತಿ. ಪೇಟೆಯ ನಾವು ಮೂವತ್ತು ಮನೆಯವರು ಮೂರು ರೈತ ಕುಟುಂಬಗಳ ಜೊತೆ ಸೇರಿ ಗುಂಪು ಕಟ್ಟಿದಾಗ, ಅವರ ನಾಲ್ಕು ಎಕರೆಗೆ ವಿನ್ಯಾಸ ಮಾಡುವ ಹೊಣೆ ತಾನಾಗಿ ನನ್ನ ಹೆಗಲಿಗೆ ಬಂದಿತು ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನಿಜವೇನೆಂದರೆ ನಾನೇ ಎಳೆದುಕೊಂಡೆ.

ಒಪ್ಪಂದ ಸರಳವಾಗಿತ್ತು. ಸೊರಗಿದ ಮಣ್ಣಿಗೆ ಮತ್ತೆ ಜೀವ ಬರುವಂತೆ ಅವರು ಬೇಸಾಯ ಮಾಡಬೇಕು: ಉಳುಮೆ ಕಡಿಮೆ, ಹೊದಿಕೆ ಹೆಚ್ಚು, ರಾಸಾಯನಿಕ ಇಲ್ಲ. ವಾರಕ್ಕೊಮ್ಮೆ ಮೂವತ್ತು ಕ್ರೇಟು ತರಕಾರಿ ನಮಗೆ ಬರುತ್ತದೆ. ನಮ್ಮ ಅಡುಗೆಮನೆಯ ಕಸ ಗೊಬ್ಬರವಾಗಿ ಅದೇ ಗಾಡಿಯಲ್ಲಿ ಅವರಿಗೆ ಹೋಗುತ್ತದೆ. ಇದನ್ನೆಲ್ಲ ನಾನು ಒಂದು ಹಸಿರು ವೃತ್ತವಾಗಿ ಬರೆದು, ಬಾಣದ ಗುರುತು ಹಾಕಿ, ಎಲ್ಲರ ಮೊಬೈಲಿಗೂ ಕಳುಹಿಸಿದ್ದೆ. ಬಹಳ ಹೊಗಳಿಕೆ ಬಂದಿತ್ತು.

ಈಗ ಹದಿನಾಲ್ಕು ತಿಂಗಳಾಗಿವೆ. ಮೂರು ವಾರಗಳಿಂದ ಗಾಡಿ ಬರೀ ಖಾಲಿ ಕ್ರೇಟುಗಳನ್ನು ಹೊತ್ತು ಹೊಲಕ್ಕೆ ಮರಳುತ್ತಿದೆ. ನಿಮ್ಮ ಗೊಬ್ಬರ ಬೇಡ ಎಂದು ರೈತರು ಹೇಳಿಬಿಟ್ಟಿದ್ದಾರೆ.

ಜಗಳವಾಗಿಲ್ಲ. ಆದರೆ ಒಂದರ ಮೇಲೊಂದು ಸೇರಿದೆ. ಮೊದಲನೆಯದು ನನ್ನ ಕಂದಕಗಳು. ಉಪಗ್ರಹದ ಚಿತ್ರದ ಮೇಲೆ ಗಣಕಯಂತ್ರ ಕೊಟ್ಟ ಸಮಪಾತಳಿ ರೇಖೆಗಳನ್ನು (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳನ್ನು) ನೋಡಿ ನಾಲ್ಕು ಇಂಗುಗಂದಕ ಗುರುತಿಸಿದೆ, ಯಂತ್ರ ತರಿಸಿ ಒಂದೇ ದಿನದಲ್ಲಿ ತೋಡಿಸಿದೆ. ಮೊದಲ ದೊಡ್ಡ ಮಳೆಗೆ ಮೂರನೆಯ ಕಂದಕ ತುಂಬಿ, ಪೂರ್ವದ ತುದಿಯಲ್ಲಿ ಒಡೆದು, ಆಗಷ್ಟೇ ಮೊಳೆತಿದ್ದ ಬೀನ್ಸಿನ ಒಂದು ಮಡಿಯನ್ನು ಎತ್ತಿಕೊಂಡು ಹೋಯಿತು. ಆ ಮಡಿಯ ರೈತ ಕುಟುಂಬದ ಹಿರಿಯರನ್ನು ನಾವೆಲ್ಲ ದೊಡ್ಡಮ್ಮ ಎನ್ನುತ್ತೇವೆ. ಅವರು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಕಾಲಿನಿಂದ ತೋರಿಸಿದರು. “ಇಲ್ಲಿ ಮೊದಲು ಕಾಲುದಾರಿ ಇತ್ತು. ದನ ತುಳಿದು ತುಳಿದು ತಗ್ಗಾಗಿದೆ. ಕೇಳಿದ್ದರೆ ಹೇಳುತ್ತಿದ್ದೆ.”

ಎರಡನೆಯದು ಗೊಬ್ಬರ. ಶುರುವಿನಲ್ಲಿ ಅದರಲ್ಲಿ ಬಾಟಲಿಯ ಮುಚ್ಚಳ, ಹಣ್ಣಿನ ಮೇಲಿನ ಚೀಟಿ, ಒಮ್ಮೆ ಒಂದು ಬ್ಲೇಡು ಕೂಡ ಸಿಕ್ಕಿತ್ತು. ಜರಡಿ ಹಿಡಿಯಲು ಆರಂಭಿಸಿದ ಮೇಲೆ ಅದು ಸರಿಹೋಯಿತು. ಆದರೆ ಈ ಸಲ ನಮ್ಮ ಗೊಬ್ಬರ ಹಾಕಿದ ಎರಡು ಮಡಿಗಳಲ್ಲಿ ಮಾತ್ರ ಬೀನ್ಸ್ ಮತ್ತು ಟೊಮೆಟೊ ಎಲೆಗಳು ಜರೀಗಿಡದಂತೆ ಸುರುಳಿ ಸುತ್ತಿಕೊಂಡಿವೆ. ಎಲೆಯ ತುದಿ ದಾರದಷ್ಟು ಸಣ್ಣ. ಅದೇ ಮಡಿಯ ಅಂಚಿನ ಮೆಕ್ಕೆಜೋಳಕ್ಕೆ ಏನೂ ಆಗಿಲ್ಲ. ಗೊಬ್ಬರ ಸರಿಯಾಗಿ ಬೆಂದಿತ್ತು. ರಾಶಿಯೊಳಗೆ 60 ಡಿಗ್ರಿ ಬಂದಿದ್ದನ್ನು ನಾನೇ ಉಷ್ಣಮಾಪಕ ಚುಚ್ಚಿ ನೋಡಿದ್ದೇನೆ.

ಮೂರನೆಯದು ನಮ್ಮವರೇ. ಸತತ ಐದು ವಾರ ಕುಂಬಳಕಾಯಿ ಬಂದದ್ದಕ್ಕೆ ಹನ್ನೊಂದು ಮನೆಯವರು ಕ್ರೇಟು ಬೇಡವೆಂದರು. ಉಳಿದದ್ದನ್ನು ರೈತರು ಸಂತೆಯಲ್ಲಿ ಸಿಕ್ಕಿದ ಬೆಲೆಗೆ ಮಾರಿಕೊಂಡರು. ನಮಗೆ ಒಂದು ಮಾತೂ ಹೇಳಲಿಲ್ಲ. ಆ ಮೌನವೇ ನನ್ನನ್ನು ಹೆಚ್ಚು ಕಾಡುತ್ತಿದೆ.

ಎಲೆ ಸುತ್ತಿದ್ದು ರೋಗವೋ, ಗೊಬ್ಬರದ ದೋಷವೋ? ಮೂವತ್ತು ಮನೆಯ ಕಸದಿಂದ ನಾಲ್ಕು ಎಕರೆಗೆ ನಿಜವಾಗಿ ಎಷ್ಟು ಉಪಯೋಗ? ನನ್ನ ನಕ್ಷೆಯನ್ನು ತಿದ್ದಬೇಕೋ, ಒಲೆಗೆ ಹಾಕಬೇಕೋ?

ಗುಂಡಿಗುಮಾಸ್ತ

ಮೆಕ್ಕೆಜೋಳ ಚೆನ್ನಾಗಿದೆ, ಬೀನ್ಸ್ ಸುತ್ತಿಕೊಂಡಿದೆ, ಅದೂ ಎರಡೇ ಮಡಿಯಲ್ಲಿ. ನಂಜುರೋಗವಾಗಿದ್ದರೆ ಮಡಿಯ ಗೆರೆ ನೋಡಿಕೊಂಡು ಬರುತ್ತಿರಲಿಲ್ಲ. ನಿಮ್ಮ ರಾಶಿಗೆ ಯಾರಾದರೂ ಹುಲ್ಲುಹಾಸಿನ ಕತ್ತರಿಕೆ ತಂದು ಹಾಕಿದ್ದಾರೆಯೇ? ಅಥವಾ ಎಲ್ಲಿಂದಲೋ ತಂದ ಸಗಣಿ?

ನನಗೆ ಅನುಮಾನ ಕಳೆನಾಶಕದ ಮೇಲೆ. ಕ್ಲೋಪೈರಾಲಿಡ್, ಅಮಿನೋಪೈರಾಲಿಡ್ ಎಂಬ ಎರಡು ಇವೆ. ಅಗಲ ಎಲೆಯ ಕಳೆಯನ್ನು ಕೊಲ್ಲುತ್ತವೆ, ಹುಲ್ಲನ್ನು ಮುಟ್ಟುವುದಿಲ್ಲ. ಮೆಕ್ಕೆಜೋಳವೂ ಹುಲ್ಲಿನ ಜಾತಿಯೇ ತಾನೆ, ಹಾಗಾಗಿ ಅದು ನಗುತ್ತ ನಿಂತಿದೆ. ಈ ವಿಷಗಳ ಗುಣವೇನೆಂದರೆ ಸಿಂಪಡಿಸಿದ ಹುಲ್ಲನ್ನು ದನ ತಿಂದರೆ ಸಗಣಿಯಲ್ಲೂ ಬರುತ್ತವೆ. ಗೊಬ್ಬರದ ರಾಶಿಯ ಬಿಸಿಗೂ ಬೇಗ ಸಾಯುವುದಿಲ್ಲ. 2008ರಲ್ಲಿ ಬ್ರಿಟನ್ನಿನಲ್ಲಿ ಕೈತೋಟದವರ ಬೀನ್ಸ್, ಟೊಮೆಟೊ, ಆಲೂಗೆಡ್ಡೆ ಹೀಗೇ ಮುರುಟಿ, ಕಾರಣ ಗೊಬ್ಬರದಲ್ಲಿ ಸಿಕ್ಕಿ, ಅಮಿನೋಪೈರಾಲಿಡ್ ಮಾರಾಟವನ್ನೇ ಕೆಲಕಾಲ ನಿಲ್ಲಿಸಿದ್ದರು. ನಿಮ್ಮ 60 ಡಿಗ್ರಿ ಒಳ್ಳೆಯದೇ. 55 ಡಿಗ್ರಿಗಿಂತ ಮೇಲೆ ಹದಿನೈದು ದಿನ ಇಟ್ಟು ಐದು ಸಲ ಮಗುಚಿದರೆ ರೋಗಾಣು, ಕಳೆಬೀಜಗಳ ಕಥೆ ಮುಗಿಯುತ್ತದೆ. ಆದರೆ ಇದು ರೋಗಾಣುವಲ್ಲ.

ಪ್ರಯೋಗಾಲಯಕ್ಕೆ ಓಡಬೇಡಿ, ಬೀನ್ಸ್ ಬೀಜವೇ ಪ್ರಯೋಗಾಲಯ. ಗೊಬ್ಬರ ಒಂದು ಪಾಲು, ಗೊಬ್ಬರ ಕಾಣದ ಮಣ್ಣು ಒಂದು ಪಾಲು ಬೆರೆಸಿ ಮೂರು ಕುಂಡಗಳಿಗೆ ತುಂಬಿ. ಇನ್ನು ಮೂರು ಕುಂಡಗಳಿಗೆ ಬರೀ ಮಣ್ಣು. ಕುಂಡಕ್ಕೆ ಮೂರು ಬೀಜ. ಕುಂಡಗಳ ಕೆಳಗೆ ಬೇರೆ ಬೇರೆ ತಟ್ಟೆ ಇಡಿ, ಒಂದರ ನೀರು ಇನ್ನೊಂದಕ್ಕೆ ಹೋದರೆ ಪರೀಕ್ಷೆ ಕೆಟ್ಟಿತು. ಮೂರನೆಯ ಸುತ್ತಿನ ಎಲೆ ಬರುವ ತನಕ, ಅಂದರೆ ಎರಡು ಮೂರು ವಾರ, ಕಾಯಿರಿ. ಬೀಜದಳ ನೋಡಿ ತೀರ್ಪು ಕೊಡಬೇಡಿ, ಅವು ಯಾವಾಗಲೂ ಚೆನ್ನಾಗಿಯೇ ಇರುತ್ತವೆ. ನಾನು ಪ್ರತಿ ರಾಶಿಗೂ ಇದನ್ನು ಮಾಡುತ್ತೇನೆ, ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಕುಂಡಗಳು. ಕುಂಡ ನೋಡದೆ ಒಂದು ಚೀಲವೂ ಹೊರಗೆ ಹೋಗುವುದಿಲ್ಲ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಬೇಸರ ಮಾಡಿಕೊಳ್ಳಬೇಡಿ, ಲೆಕ್ಕ ಹಾಕೋಣ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಪ್ರಕಾರ, ಜಗತ್ತಿನ ಸರಾಸರಿಯಲ್ಲಿ ಮನೆಗಳಿಂದ ಒಬ್ಬರಿಗೆ ವರ್ಷಕ್ಕೆ 79 ಕಿಲೋ ಆಹಾರದ ಕಸ, ಸಿಪ್ಪೆ ಮೂಳೆಯೂ ಸೇರಿ. ಮನೆಗೆ ನಾಲ್ಕು ಜನ ಎಂದುಕೊಂಡರೆ ನಿಮ್ಮದು 120 ಜನ, ಒಟ್ಟು ಒಂಬತ್ತೂವರೆ ಟನ್ ಹಸಿ ಕಸ. ಅದರಲ್ಲಿ ಬಹುಪಾಲು ನೀರು. ತರಗೆಲೆ ಬೆರೆಸಿ, ಬೆಂದು, ಆರಿ ಉಳಿಯುವುದು ಮೂರರಿಂದ ನಾಲ್ಕು ಟನ್. ತರಕಾರಿಗೆ ಎಕರೆಗೆ ನಾಲ್ಕೈದು ಟನ್ನಾದರೂ ಬೇಕು. ಅಲ್ಲಿಗೆ ನಿಮ್ಮ ಮೂವತ್ತು ಮನೆಯ ವರ್ಷದ ಶ್ರಮ ಒಂದು ಎಕರೆಗೂ ಸಾಲದು. ಉಳಿದ ಮೂರು ಎಕರೆಗೆ ನಿಮ್ಮ ಹಸಿರು ವೃತ್ತ ತಲುಪುವುದೇ ಇಲ್ಲ.

ಇನ್ನೊಂದು ಬಗೆಯಲ್ಲಿ ನೋಡಿ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಹೆಚ್ಚು ಕಡಿಮೆ 800 ಟನ್ ತೂಗುತ್ತದೆ. ಅದರಲ್ಲಿ ಸಾವಯವ ಅಂಶವನ್ನು ಶೇ. 1ರಷ್ಟು ಏರಿಸುವುದೆಂದರೆ ಎಂಟು ಟನ್. ನಾಲ್ಕು ಟನ್ ಗೊಬ್ಬರದಲ್ಲಿ ತೇವ ಕಳೆದು, ಮಣ್ಣುಬೂದಿ ಕಳೆದು ಉಳಿಯುವ ಸಾವಯವ ಭಾಗ ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು. ಅದರಲ್ಲೂ ದೊಡ್ಡ ಪಾಲನ್ನು ಸೂಕ್ಷ್ಮಜೀವಿಗಳು ಕೆಲವೇ ವರ್ಷಗಳಲ್ಲಿ ತಿಂದು ಮುಗಿಸುತ್ತವೆ. ಮೂರೇ ವರ್ಷದಲ್ಲಿ ಮಣ್ಣು ಕಪ್ಪಾಯಿತು ಎಂದು ಭಾಷಣ ಮಾಡುವವರು ಎಲ್ಲಿಂದಲೋ ಲಾರಿಗಟ್ಟಲೆ ತರಿಸಿರುತ್ತಾರೆ, ಅದನ್ನು ಹೇಳುವುದಿಲ್ಲ ಅಷ್ಟೆ. ಹೊಲದ ಮಣ್ಣನ್ನು ಕಟ್ಟುವುದು ಹೊಲದಲ್ಲೇ ಬೆಳೆದ ಬೇರು. ಸೆಣಬು, ಅಲಸಂದೆಯಂಥ ಹಸಿರೆಲೆ ಗೊಬ್ಬರದ ಬೆಳೆಯನ್ನು ಬಿತ್ತಿ, ಹೂ ಬರುವ ಹೊತ್ತಿಗೆ ಕತ್ತರಿಸಿ ಅಲ್ಲೇ ಹಾಸಿ. ಹೆಕ್ಟೇರಿಗೆ 60 ಕಿಲೋ ಸಾರಜನಕ ಸಿಕ್ಕರೆ ಆಶ್ಚರ್ಯವಿಲ್ಲ. ನಿಮ್ಮ ಗೊಬ್ಬರ ಸಸಿಮಡಿಗೆ, ಗಿಡದ ಬುಡಕ್ಕೆ. ಅದು ಹೆಪ್ಪಿದ್ದಂತೆ. ಹೆಪ್ಪಿನಿಂದಲೇ ಪಾತ್ರೆ ತುಂಬಿಸಲು ಹೊರಟಿದ್ದೀರಿ.

ಕೆಟ್ಟ ಎರಡು ಮಡಿಗಳಲ್ಲಿ ಸದ್ಯಕ್ಕೆ ಮೆಕ್ಕೆಜೋಳವೋ ಇನ್ನಾವುದೋ ಹುಲ್ಲುಜಾತಿಯ ಬೆಳೆಯೋ ಇರಲಿ. ಆ ದಂಟನ್ನು ಮಾತ್ರ ಮತ್ತೆ ರಾಶಿಗೆ ತರಬೇಡಿ.

ಏರುಬದು

ನಾನು ಹೊಲದ ಕಡೆಯವನು. ಕಂದಕದ ವಿಷಯಕ್ಕಷ್ಟೇ ಬರುತ್ತೇನೆ.

ನಕ್ಷೆ ಸುಡಬೇಡಿ ಮೇಡಂ, ಅದರ ಹಿಂಬದಿ ಖಾಲಿಯಿದೆ. ಕಾಲುದಾರಿಯ ತಗ್ಗು ನಿಮಗೆ ಗೊತ್ತಾಗಲಿಲ್ಲ, ಸರಿ. ಆದರೆ ಕಂದಕ ಒಡೆದದ್ದು ಅದಕ್ಕಲ್ಲ. ತುಂಬಿದ ಮೇಲೆ ನೀರು ಎಲ್ಲಿಂದ ಹೊರಗೆ ಹೋಗಬೇಕೆಂದು ನೀವು ಹೇಳಲೇ ಇಲ್ಲ, ಅದು ತನಗೆ ಸುಲಭವಾದ ಕಡೆ ಹೋಯಿತು. ಪ್ರತಿ ಕಂದಕಕ್ಕೂ ಒಂದು ಕೋಡಿ ಬೇಕು. ಏರಿಗಿಂತ ಒಂದು ಗೇಣು ತಗ್ಗಾಗಿ, ಅಗಲವಾಗಿ, ಕಲ್ಲು ಹಾಸಿ, ಕೆಳಗಿನ ಕಂದಕದ ಕಡೆಗೆ ಮುಖ ಮಾಡಿರಬೇಕು. ಕೆರೆ ಕಟ್ಟಿದವರು ಕೋಡಿ ಬಿಡದೆ ಕೆರೆ ಕಟ್ಟಿದ್ದನ್ನು ನೀವು ಕಂಡಿದ್ದೀರಾ? ಸಣ್ಣದೆಂದು ಕಂದಕಕ್ಕೆ ವಿನಾಯಿತಿ ಇಲ್ಲ.

ಗೆರೆ ಎಳೆಯಲು ಯಂತ್ರ ಬೇಡ. ಎರಡು ಮೀಟರಿನ ಎರಡು ಕೋಲು, ಮೇಲೆ ಕಟ್ಟಿ, ನಡುವೆ ಅಡ್ಡಪಟ್ಟಿ ಬಿಗಿಯಿರಿ. ತುದಿಯಿಂದ ದಾರಕ್ಕೆ ಒಂದು ಕಲ್ಲು ಇಳಿಬಿಡಿ. ಎ ಚೌಕಟ್ಟು ಎನ್ನುತ್ತಾರೆ. ನೆಲದಲ್ಲಿ ಎರಡು ಗೂಟದ ಮೇಲೆ ನಿಲ್ಲಿಸಿ ದಾರ ಪಟ್ಟಿಗೆ ಮುಟ್ಟಿದ ಕಡೆ ಗುರುತು ಹಾಕಿ, ಕಾಲು ಅದಲುಬದಲು ಮಾಡಿ ಮತ್ತೊಂದು ಗುರುತು ಹಾಕಿ. ಎರಡರ ನಡುವಿನ ಬಿಂದುವೇ ಸಮ. ಆಮೇಲೆ ಹೆಜ್ಜೆ ಹೆಜ್ಜೆಗೆ ದಾರ ಆ ಬಿಂದುವಿಗೆ ಬರುವಂತೆ ಕಾಲು ಊರುತ್ತ ಹೋದರೆ ಸಮಪಾತಳಿ ತಾನೇ ಸಿಗುತ್ತದೆ. ಗಾಳಿ ಇಲ್ಲದ ಬೆಳಗ್ಗೆ ಮಾಡಿ, ಕಲ್ಲು ಓಲಾಡಿದರೆ ತಲೆನೋವು. ಒಂದು ಕಾಲನ್ನು ದೊಡ್ಡಮ್ಮ ಹಿಡಿಯಲಿ. ನಡೆಯುವಾಗ ಅವರು ಹೇಳುವುದನ್ನು ನಕ್ಷೆಯ ಹಿಂಬದಿಯಲ್ಲಿ ಬರೆದುಕೊಳ್ಳಿ.

ಇನ್ನೊಂದು. ತಳ ಕತ್ತರಿಸಿದ ಡಬ್ಬಿ, 15 ಸೆಂಟಿಮೀಟರ್ ಅಗಲದ್ದು, ಮಣ್ಣಿಗೆ ಅರ್ಧ ಇಳಿಸಿ. 450 ಮಿಲಿಲೀಟರ್ ನೀರು ಹುಯ್ಯಿರಿ, ಎಂದರೆ ಒಂದು ಅಂಗುಲದ ಮಳೆ ಬಿದ್ದಂತೆ. ಇಂಗಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ನೋಡಿ. ಮರದ ಬುಡದಲ್ಲಿ ಒಮ್ಮೆ, ಮಡಿಯಲ್ಲಿ ಒಮ್ಮೆ, ಆ ಹಳೆಯ ಕಾಲುದಾರಿಯಲ್ಲಿ ಒಮ್ಮೆ. ಮಣ್ಣು ಸುಧಾರಿಸುತ್ತಿದೆಯೋ ಇಲ್ಲವೋ ಎಂದು ಪೇಟೆಯಿಂದ ಬಂದವರು ಎಲೆಯ ಬಣ್ಣ ನೋಡಿ ಅಂದಾಜು ಮಾಡುವುದಕ್ಕಿಂತ ವರ್ಷಕ್ಕೆರಡು ಸಲ ಇದನ್ನು ಮಾಡುವುದು ಲೇಸು.

ಗೊಬ್ಬರ ಬೇಡ ಎಂದರೆ ಬೇರೇನು ಬೇಕು ಎಂದು ಕೇಳಿದಿರಾ? ನನ್ನನ್ನು ಕೇಳಿದರೆ ತರಗೆಲೆ ಎನ್ನುತ್ತೇನೆ. ಪೇಟೆಯಲ್ಲಿ ಅದನ್ನು ಗುಡಿಸಿ ಸುಡುತ್ತಾರೆ, ನಮಗೆ ಹೊದಿಕೆಗೆ ಸಿಗುವುದಿಲ್ಲ.

ಕೊಂಕು

ಎಲ್ಲರೂ ಬಹಳ ಸೌಮ್ಯವಾಗಿ ಬರೆಯುತ್ತಿದ್ದೀರಿ, ನಾನು ಸ್ವಲ್ಪ ಖಾರವಾಗುತ್ತೇನೆ. ಅಮೆರಿಕದ ಮಣ್ಣುವಿಜ್ಞಾನಿ ಎಫ್. ಎಚ್. ಕಿಂಗ್ 1909ರಲ್ಲಿ ಚೀನಾ, ಕೊರಿಯಾ, ಜಪಾನ್ ಸುತ್ತಿದರು. ಅವರು ಕೊಟ್ಟ ಲೆಕ್ಕ ಇದು: 1908ರಲ್ಲಿ ಶಾಂಘೈನ ಅಂತರರಾಷ್ಟ್ರೀಯ ವಸಾಹತಿನಲ್ಲಿ 78,000 ಟನ್ ಮಲವನ್ನು ಎತ್ತಿ ರೈತರಿಗೆ ಮಾರುವ ಹಕ್ಕಿಗಾಗಿ ಒಬ್ಬ ಗುತ್ತಿಗೆದಾರ 31,000 ಚಿನ್ನದ ಡಾಲರ್ ಕಟ್ಟಿದ್ದ. ಕಟ್ಟಿದ್ದ, ಗಮನಿಸಿ. ಪೇಟೆಯ ಹೊಲಸು ಹಳ್ಳಿಗೆ ಅಷ್ಟು ಬೆಲೆಬಾಳುತ್ತಿತ್ತು, ಏಕೆಂದರೆ ಅದರಲ್ಲಿ ಬ್ಲೇಡು ಇರಲಿಲ್ಲ, ಕಳೆನಾಶಕ ಇರಲಿಲ್ಲ.

ಈಗ ಪೇಟೆ ತನ್ನ ಕಸ ಸಾಗಿಸುವ ಖರ್ಚು ಉಳಿಸಿಕೊಂಡು, ಅದನ್ನು ಹೊಲದ ಬಾಗಿಲಿಗೆ ಇಳಿಸಿ, ಉಪಕಾರ ಮಾಡಿದೆ ಎಂದುಕೊಳ್ಳುತ್ತದೆ. ಆರಿಸುವವರು ಯಾರು? ಎರಡು ಮಡಿಯ ಬೀನ್ಸಿನ ನಷ್ಟ ಯಾರು ಕೊಟ್ಟರು? ಮೂಲ ಬರಹದಲ್ಲಿ ಆ ಸಾಲು ನನಗೆ ಕಾಣಲಿಲ್ಲ.

ಅರ್ಧಪಾಲು

ಕೊಂಕು ಕೇಳಿದ್ದು ಸರಿಯಾದ ಪ್ರಶ್ನೆ. ನಮ್ಮ ಗುಂಪು ಆರನೆಯ ವರ್ಷದಲ್ಲಿದೆ, ನಾವೂ ಅದನ್ನು ತಡವಾಗಿಯೇ ಕೇಳಿಕೊಂಡೆವು.

ಕುಂಬಳಕಾಯಿಯ ಸಮಸ್ಯೆ ರುಚಿಯದೆಂದು ನೀವು ಭಾವಿಸಿದಂತಿದೆ. ಅದು ಬಿತ್ತನೆಗೆ ಮುಂಚಿನ ಸಭೆಯ ಸಮಸ್ಯೆ. ಜಪಾನಿನಲ್ಲಿ 1970ರ ದಶಕದಿಂದ ತೇಯ್ಕೇಯ್ ಎಂಬ ಪದ್ಧತಿಯಿದೆ. ಬೆಳೆಯುವವರು, ಉಣ್ಣುವವರು ನಡುವೆ ಯಾರೂ ಇಲ್ಲದೆ ನೇರವಾಗಿ ಕೈಜೋಡಿಸುವುದು. ಅಲ್ಲಿನ ಸಾವಯವ ಕೃಷಿ ಸಂಘ 1978ರಲ್ಲಿ ಅದಕ್ಕೆ ಹತ್ತು ಸೂತ್ರಗಳನ್ನು ಬರೆಯಿತು. ಅದರಲ್ಲಿ ಎರಡು ಒಂದರ ಹಿಂದೊಂದು ಬರುತ್ತವೆ: ಏನು ಬೆಳೆಯಬೇಕೆಂದು ಇಬ್ಬರೂ ಕೂತು ಮೊದಲೇ ಯೋಜಿಸುವುದು, ಮತ್ತು ಬೆಳೆದದ್ದನ್ನೆಲ್ಲ ಉಣ್ಣುವವರು ತೆಗೆದುಕೊಳ್ಳುವುದು. ಮೊದಲನೆಯದನ್ನು ಮಾಡದೆ ಎರಡನೆಯದನ್ನು ಕೇಳಿದರೆ ಹನ್ನೊಂದು ಮನೆಯೇನು, ಇಪ್ಪತ್ತು ಮನೆ ಬಿಡುತ್ತಾರೆ. ಮೊದಲನೆಯದನ್ನು ಮಾಡಿಯೂ ಎರಡನೆಯದನ್ನು ತಪ್ಪಿಸಿದರೆ ಅದು ಮೋಸ.

ನಾವು ಮಾಡಿದ್ದು ಹೀಗೆ. ಋತುವಿಗೆ ಮುಂಚೆ ಒಂದು ಇಡೀ ದಿನ ಹೊಲದಲ್ಲೇ ಕೂರುತ್ತೇವೆ. ಯಾವ ವಾರಕ್ಕೆ ಏನು ಬರಬಹುದೆಂದು ರೈತರು ಹೇಳುತ್ತಾರೆ, ಒಂದೇ ತರಕಾರಿ ಮೂರು ವಾರಕ್ಕಿಂತ ಹೆಚ್ಚು ಬರದಂತೆ ಬಿತ್ತನೆಯ ದಿನಗಳನ್ನು ಹಂಚುತ್ತೇವೆ. ಋತುವಿನ ಹಣದ ಅರ್ಧ ಅಂದೇ ಕೊಡುತ್ತೇವೆ. ಸಣ್ಣ ಮನೆಗಳಿಗೆ ಅರ್ಧ ಪಾಲು ಉಂಟು. ನನ್ನ ಹೆಸರು ಬಂದದ್ದು ಅಲ್ಲಿಂದಲೇ. ಮಳೆ ಕೊಚ್ಚಿದರೆ, ಕೀಟ ತಿಂದರೆ ಆ ವಾರದ ಕ್ರೇಟು ಹಗುರ, ಹಣ ಮಾತ್ರ ಅಷ್ಟೇ. ಆದರೆ ನಮ್ಮ ಗೊಬ್ಬರದಿಂದಲೋ, ನಮ್ಮ ವಿನ್ಯಾಸದಿಂದಲೋ ಕೆಟ್ಟರೆ ಅದು ಪೇಟೆಯ ಖಾತೆ, ಪೂರ್ತಿ. ಇದನ್ನು ಬರೆದಿಡಿ. ಬಾಯಿಮಾತಿನಲ್ಲಿ ಇದ್ದರೆ ರೈತರು ಕೇಳುವುದೇ ಇಲ್ಲ. ನಿಮ್ಮನ್ನು ಕಾಡಿದ ಮೌನ ಅಲ್ಲಿಂದ ಬಂದದ್ದು.

ಕ್ರೇಟು ತಪ್ಪಿಸಿದವರನ್ನು ಏನು ಮಾಡುವುದೆಂಬ ಜಗಳ ನಿಮಗೂ ಬರುತ್ತದೆ. ಎಲಿನೋರ್ ಆಸ್ಟ್ರಮ್ ಎಂಬ ವಿದ್ವಾಂಸೆಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿತು. ಜನ ಸೇರಿ ಕಾಪಾಡಿಕೊಂಡ ಕಾಲುವೆ, ಹುಲ್ಲುಗಾವಲುಗಳನ್ನು ಅವರು ದೇಶದೇಶಗಳಲ್ಲಿ ನೋಡಿದ್ದರು. ಬಾಳಿ ಬಂದ ಬಹುತೇಕ ಕಡೆಗಳಲ್ಲಿ ಮೊದಲ ತಪ್ಪಿಗೆ ದಂಡ ಬಹಳ ಸಣ್ಣದು, ಮರುಕಳಿಸಿದರೆ ಏರುತ್ತದೆ. ನಮ್ಮಲ್ಲಿ ಮೊದಲ ತಪ್ಪಿಗೆ ಒಂದು ಭಾನುವಾರ ಕಳೆ ಕೀಳುವ ಕೆಲಸ. ಅರ್ಧದಷ್ಟು ಜನ ಅದಾದ ಮೇಲೆ ಕ್ರೇಟು ತಪ್ಪಿಸಲಿಲ್ಲ, ಇನ್ನರ್ಧ ಜನ ಕಳೆ ಕೀಳಲೂ ಬರಲಿಲ್ಲ.

ಸ್ಕೇಲುಪಟ್ಟಿ (ಐದು ವಾರಗಳ ನಂತರ)

ಎಲ್ಲರಿಗೂ ಕೃತಜ್ಞತೆ, ಕೊಂಕು ಅವರಿಗೂ. ಆ ಸಾಲು ಇರಲಿಲ್ಲ, ಏಕೆಂದರೆ ನಷ್ಟ ಕೊಟ್ಟಿರಲಿಲ್ಲ. ಈಗ ಕೊಟ್ಟಿದ್ದೇವೆ, ಎರಡು ಮಡಿಗೂ, ಕೊಚ್ಚಿಹೋದ ಮಡಿಗೂ. ಮೂರನೆಯದರ ಹಣ ಗುಂಪಿನಿಂದ ಬೇಡವೆಂದು ನಾನೇ ಹಾಕಿದೆ.

ಕುಂಡಗಳ ಫಲಿತಾಂಶ: ಬರೀ ಮಣ್ಣಿನ ಮೂರೂ ಕುಂಡಗಳಲ್ಲಿ ಬೀನ್ಸ್ ನೆಟ್ಟಗಿದೆ. ಗೊಬ್ಬರದ ಮೂರರಲ್ಲೂ ಎರಡನೆಯ ಸುತ್ತಿನ ಎಲೆಯೇ ಬಟ್ಟಲಿನಂತೆ ಮಡಚಿಕೊಂಡಿತು, ಮೂರನೆಯದು ಬರುವಾಗಲೇ ಸುತ್ತಿಕೊಂಡು ಬಂದಿತು. ವಿಚಾರಿಸಿದಾಗ ನಮ್ಮದೇ ಒಂದು ಮನೆಯವರು ತಮ್ಮ ವಸತಿ ಸಮುಚ್ಚಯದ ಹುಲ್ಲುಹಾಸಿನ ಕತ್ತರಿಕೆಯನ್ನು ನಾಲ್ಕು ಚೀಲ ತಂದು ಸುರಿದಿದ್ದು ತಿಳಿಯಿತು. ಪುಣ್ಯದ ಕೆಲಸವೆಂದೇ ತಂದಿದ್ದರು. ಆ ಹುಲ್ಲುಹಾಸಿಗೆ ಕಳೆನಾಶಕ ಹೊಡೆಯುವ ಗುತ್ತಿಗೆ ಇದೆ ಎಂಬುದು ಅವರಿಗೇ ಗೊತ್ತಿರಲಿಲ್ಲ. ಆ ರಾಶಿಯನ್ನು ಬೇರೆಯಾಗಿಟ್ಟು ಹಗ್ಗ ಕಟ್ಟಿದ್ದೇವೆ.

ಎ ಚೌಕಟ್ಟು ಹಿಡಿದು ದೊಡ್ಡಮ್ಮನ ಜೊತೆ ನಡೆದೆ. ಮೂರನೆಯ ಕಂದಕ ತುದಿಯಿಂದ ತುದಿಗೆ ಒಂದೂವರೆ ಗೇಣು ಇಳಿಜಾರಿತ್ತು. ನಾನು ಸಮ ಎಂದು ಮುದ್ರೆ ಒತ್ತಿ ಕೊಟ್ಟ ಕಂದಕ ಅದು. ಕೋಡಿಗೆ ಕಲ್ಲು ಎಲ್ಲಿಂದ ತರುವುದು ಎಂದು ನಾನು ಯೋಚಿಸುವಷ್ಟರಲ್ಲಿ ಅವರು ಹಳೆಯ ಬದುವಿನ ಕಡೆ ಕೈ ತೋರಿಸಿದ್ದರು. ಡಬ್ಬಿಯ ಪರೀಕ್ಷೆಯಲ್ಲಿ ಮರದ ಬುಡದಲ್ಲಿ ನೀರು ನಾಲ್ಕು ನಿಮಿಷದಲ್ಲಿ ಇಂಗಿತು. ಕಾಲುದಾರಿಯಲ್ಲಿ ಐವತ್ತು ನಿಮಿಷವಾದರೂ ಅರ್ಧ ಉಳಿದಿತ್ತು, ಕಾಯಲಾರದೆ ಊಟಕ್ಕೆ ಹೋದೆವು.

ಮನೆಗಳು ಮೂವತ್ತರಿಂದ ಇಪ್ಪತ್ತನಾಲ್ಕಕ್ಕೆ ಇಳಿದಿವೆ. ಬಿತ್ತನೆಗೆ ಮುಂಚಿನ ಸಭೆ ಬರುವ ತಿಂಗಳು.

ಏರುಬದು ಅವರು ಹೇಳಿದಂತೆ ಏನು ಬೇಕೆಂದು ಕೇಳಿದೆ. ಅವರು ಬರೆದ ಉತ್ತರವೇ ಬಂದಿತು. ಕಳೆದ ವಾರ ಕ್ರೇಟುಗಳ ಮೇಲೆ ಇಪ್ಪತ್ತೆರಡು ಮೂಟೆ ತರಗೆಲೆ ಕಟ್ಟಿ ಕಳುಹಿಸಿದೆವು, ಜೊತೆಗೆ ನಾನೂ ಹೋಗಿದ್ದೆ. ದೊಡ್ಡಮ್ಮ ಮೊದಲ ಮೂಟೆಯ ಬಾಯಿ ಬಿಚ್ಚಿ, ಭುಜದ ತನಕ ಕೈ ಇಳಿಸಿ, ತಳವನ್ನೆಲ್ಲ ತಡಕಿ, ಮಗುವಿನದೊಂದು ಕೂದಲ ಕ್ಲಿಪ್ಪು ಹೊರಗೆ ತೆಗೆದರು. ಅದನ್ನು ಗಾಡಿಯ ಮುಂದಿನ ಗಾಜಿನ ಬಳಿ ಇಟ್ಟು, ಉಳಿದ ಮೂಟೆಗಳನ್ನು ಇಳಿಸಲು ಹೇಳಿದರು.